ಖಾಲಿ ಗ್ಯಾಲರಿಯ ಎದುರು ಒಂದು ದಿನ

ಟೆನಿಸ್ ಟೂರ್ನಿ ಸೋಮವಾರ ಆರಂಭವಾಗುತ್ತದೆ ಎಂದು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ನಿಜವಾಗಿ ಅದು ಆರಂಭವಾಗುವುದು ಒಂದು ದಿನ ಮುಂಚೆ, ಯಾರೂ ಗಮನಿಸದ ಭಾನುವಾರದಂದು. ಪ್ರಧಾನ ಸುತ್ತಿನಲ್ಲಿ ಆಡಲಿರುವವರ ಪಟ್ಟಿಯಲ್ಲಿ ಕೆಲವು ಸ್ಥಾನಗಳನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಆ ಸ್ಥಾನಗಳಿಗಾಗಿ ನಡೆಯುವ ಹೋರಾಟಕ್ಕೆ ಅರ್ಹತಾ ಸುತ್ತು ಎಂದು ಹೆಸರು. ಅಲ್ಲಿ ಗೆದ್ದವನ ಕೈಗೆ ಯಾರೂ ಬೆಳ್ಳಿಯ ಬಟ್ಟಲು ಕೊಡುವುದಿಲ್ಲ. ಅವನಿಗೆ ಸಿಗುವುದು ಮತ್ತೊಮ್ಮೆ ಆಡುವ ಅವಕಾಶ ಮಾತ್ರ.

2024ರ ಫೆಬ್ರುವರಿಯಲ್ಲಿ ಬೆಂಗಳೂರು ಓಪನ್ ಚಾಲೆಂಜರ್ ಟೂರ್ನಿಯ ಮುನ್ನಾದಿನ ನಾನು ಕಬ್ಬನ್ ಉದ್ಯಾನದ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳಕ್ಕೆ ಹೋದೆ. ಭಾನುವಾರವಾದ್ದರಿಂದ ಉದ್ಯಾನದೊಳಗೆ ವಾಹನಗಳ ಸದ್ದಿರಲಿಲ್ಲ. ಟಬೂಬಿಯಾ ಮರಗಳ ಕೆಳಗೆ ಉದುರಿದ ಹೂಗಳನ್ನು ಮಕ್ಕಳು ಆಯುತ್ತಿದ್ದರು. ಮಕ್ಕಳ, ನಾಯಿಗಳ, ಕ್ಯಾಮೆರಾ ಹಿಡಿದ ತರುಣರ ಆ ಜಾತ್ರೆಯಿಂದ ಕೂಗಳತೆ ದೂರದಲ್ಲಿ ಅಂತರರಾಷ್ಟ್ರೀಯ ಪಂದ್ಯಗಳು ನಡೆಯುತ್ತಿದ್ದವು. ಒಳಗೆ ಹೋಗಿ ನೋಡಿದರೆ, ನಾನು ಕುಳಿತ ಅಂಕಣದ ಸುತ್ತ ಹದಿನೈದು ಜನರೂ ಇರಲಿಲ್ಲ.

ಇದೇ ಅಂಗಳ ತುಂಬಿ ತುಳುಕಿದ್ದನ್ನು ನಾನು ಕಂಡಿದ್ದೇನೆ. 2008ರಲ್ಲಿ ಸೆರೆನಾ ವಿಲಿಯಮ್ಸ್ ಇಲ್ಲಿ ಸೆಮಿಫೈನಲ್‌ನಲ್ಲಿ ಅಕ್ಕ ವೀನಸ್‌ರನ್ನು ಸೋಲಿಸಿ, ಮುಂದೆ ಪ್ರಶಸ್ತಿಯನ್ನೂ ಗೆದ್ದರು. 2014ರ ಸೆಪ್ಟೆಂಬರ್‌ನಲ್ಲಿ ಸರ್ಬಿಯಾ ವಿರುದ್ಧದ ಡೇವಿಸ್ ಕಪ್ ಡಬಲ್ಸ್ ಪಂದ್ಯದಲ್ಲಿ ಮೊದಲ ಎರಡು ಸೆಟ್ ಕಳೆದುಕೊಂಡಿದ್ದ ಲಿಯಾಂಡರ್ ಪೇಸ್ ಮತ್ತು ನಮ್ಮ ಕೊಡಗಿನ ರೋಹನ್ ಬೋಪಣ್ಣ ಉಳಿದ ಮೂರನ್ನೂ ಗೆದ್ದಾಗ ಎಬ್ಬಿಸಿದ ಗದ್ದಲದಲ್ಲಿ ನನ್ನ ಗಂಟಲೂ ಸೇರಿತ್ತು. ಹೆಸರು ಮಾಡಿದವರು ಬಂದಾಗ ನಾವು ಬರುತ್ತೇವೆ. ಹೆಸರು ಮಾಡಲೆಂದು ಬಂದವರನ್ನು ನೋಡಲು ಬರುವವರು ಕಡಿಮೆ.

ಅರ್ಹತಾ ಸುತ್ತಿನ ಲೆಕ್ಕ ಸರಳ. ಇಂಥ ಚಾಲೆಂಜರ್ ಟೂರ್ನಿಗಳಲ್ಲಿ ಇಪ್ಪತ್ನಾಲ್ಕು ಆಟಗಾರರು ಕಣಕ್ಕಿಳಿಯುತ್ತಾರೆ. ಎರಡು ಪಂದ್ಯ ಗೆದ್ದ ಆರು ಮಂದಿ ಮೂವತ್ತೆರಡರ ಪ್ರಧಾನ ಸುತ್ತಿಗೆ ಹೋಗುತ್ತಾರೆ. ಉಳಿದ ಹದಿನೆಂಟು ಮಂದಿ ಬೇರೊಂದು ಊರಿನ ಟಿಕೆಟ್ ಕಾಯ್ದಿರಿಸುತ್ತಾರೆ. ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಇದೇ ಲೆಕ್ಕ ಇನ್ನೂ ದೊಡ್ಡದು. ಪುರುಷರ ಸಿಂಗಲ್ಸ್‌ನ 128 ಸ್ಥಾನಗಳಲ್ಲಿ 104 ರ‍್ಯಾಂಕಿಂಗ್ ಆಧಾರದ ಮೇಲೆ ಹಂಚಿಕೆಯಾಗುತ್ತವೆ, ಎಂಟು ಸಂಘಟಕರ ವೈಲ್ಡ್ ಕಾರ್ಡ್‌ಗಳಿಗೆ ಮೀಸಲು. ಮಿಕ್ಕ ಹದಿನಾರಕ್ಕಾಗಿ ಮತ್ತೆ 128 ಮಂದಿ ಬಡಿದಾಡುತ್ತಾರೆ, ಮೂರು ಪಂದ್ಯ ಗೆದ್ದವರಿಗಷ್ಟೇ ಬಾಗಿಲು ತೆರೆಯುತ್ತದೆ. ಹಾಗೆ ಹಿಂಬಾಗಿಲಿನಿಂದ ಬಂದ ಹದಿನೆಂಟರ ಹುಡುಗ ಜಾನ್ ಮೆಕೆನ್ರೊ 1977ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದ. 2021ರ ಅಮೆರಿಕ ಓಪನ್‌ನಲ್ಲಿ ಅದೇ ಹಾದಿ ಹಿಡಿದ ಬ್ರಿಟನ್ನಿನ ಎಮಾ ರಾಡುಕಾನು, ಅರ್ಹತಾ ಸುತ್ತಿನ ಮೂರೂ ಸೇರಿ ಹತ್ತು ಪಂದ್ಯಗಳಲ್ಲಿ ಒಂದು ಸೆಟ್ಟನ್ನೂ ಬಿಟ್ಟುಕೊಡದೆ ಪ್ರಶಸ್ತಿಯನ್ನೇ ಎತ್ತಿದಳು. ಅರ್ಹತಾ ಸುತ್ತಿನಿಂದ ಬಂದವರೊಬ್ಬರು ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್ ಗೆದ್ದದ್ದು ಅದೇ ಮೊದಲು.

ಆದರೆ ಇವು ಅಪವಾದಗಳು. ಅರ್ಹತಾ ಸುತ್ತಿನ ನಿಜವಾದ ಮುಖ ಬೇರೆ. ನನ್ನೆದುರಿನ ಅಂಕಣದಲ್ಲಿ ಆಡುತ್ತಿದ್ದವರಲ್ಲಿ ಒಬ್ಬ ಯುರೋಪಿನಿಂದ ಬಂದ, ಮೂವತ್ತರ ಆಸುಪಾಸಿನ ಆಟಗಾರ. ಅವನ ಮೊಣಕಾಲಿಗೆ ಪಟ್ಟಿ ಬಿಗಿದಿತ್ತು. ಇನ್ನೊಬ್ಬ ಇಪ್ಪತ್ತು ದಾಟದ ನಮ್ಮ ಹುಡುಗ. ಇಬ್ಬರೂ ತಮ್ಮ ಚೀಲಗಳನ್ನು ತಾವೇ ಹೊತ್ತು ತಂದರು. ಯಾರ ಬೆನ್ನಿಗೂ ತರಬೇತುದಾರರ, ವೈದ್ಯರ ಪರಿವಾರವಿರಲಿಲ್ಲ. ಈ ಹಂತದಲ್ಲಿ ಮೊದಲ ಪಂದ್ಯದಲ್ಲೇ ಸೋತವನಿಗೆ ದೊರೆಯುವುದು ಕೆಲವು ನೂರು ಡಾಲರ್. ವಿಮಾನದ ಟಿಕೆಟ್ಟು, ಊಟ, ರ‍್ಯಾಕೆಟ್ಟಿನ ತಂತಿ ಎಲ್ಲವನ್ನೂ ಕಳೆದರೆ ಕೈಯಿಂದಲೇ ಹಾಕಬೇಕಾಗುತ್ತದೆ. ಭಾರತದ ಅಗ್ರ ಸಿಂಗಲ್ಸ್ ಆಟಗಾರ ಸುಮಿತ್ ನಗಾಲ್ ಅವರೇ 2023ರಲ್ಲಿ, ತಮ್ಮ ಬ್ಯಾಂಕ್ ಖಾತೆಯಲ್ಲಿ ಉಳಿದಿರುವುದು 900 ಯೂರೊ ಎಂದು ಹೇಳಿಕೊಂಡಿದ್ದರು. ರೂಪಾಯಿ ಲೆಕ್ಕದಲ್ಲಿ ಅದು ಒಂದು ಲಕ್ಷಕ್ಕಿಂತ ಕಡಿಮೆ. 2017ರಲ್ಲಿ ಇದೇ ಕಬ್ಬನ್ ಉದ್ಯಾನದಲ್ಲಿ ಚಾಲೆಂಜರ್ ಪ್ರಶಸ್ತಿ ಗೆದ್ದವರು, 2019ರ ಅಮೆರಿಕ ಓಪನ್‌ಗೆ ಅರ್ಹತಾ ಸುತ್ತಿನಿಂದಲೇ ಪ್ರವೇಶಿಸಿ ರೋಜರ್ ಫೆಡರರ್ ಅವರಿಂದ ಮೊದಲ ಸೆಟ್ ಕಸಿದವರು ಅವರು. ಅಂಥವರ ಸ್ಥಿತಿಯೇ ಹೀಗಿದ್ದರೆ ಉಳಿದವರದನ್ನು ಊಹಿಸಿಕೊಳ್ಳಬಹುದು.

ನಮ್ಮ ಹುಡುಗ ಮೊದಲ ಸೆಟ್ಟನ್ನು ಬೇಗನೆ ಕಳೆದುಕೊಂಡ. ಎದುರಾಳಿ ಅನುಭವಿ, ಬಿರುಸಿಗಿಂತ ಜಾಗ ನೋಡಿ ಹೊಡೆಯುವವ. ಹುಡುಗನ ಬ್ಯಾಕ್‌ಹ್ಯಾಂಡ್ ದುರ್ಬಲವೆಂದು ಕಂಡುಕೊಂಡವನೇ ಚೆಂಡನ್ನೆಲ್ಲ ಅಲ್ಲಿಗೇ ಕಳಿಸತೊಡಗಿದ. ಎರಡನೆಯ ಸೆಟ್ಟಿನ ನಡುವೆ ಹೊಸ ಚೆಂಡುಗಳು ಬಂದವು. ಹೊಸ ಚೆಂಡು ತುಸು ವೇಗವಾಗಿ ಚಿಮ್ಮುತ್ತದೆ. ಹುಡುಗ ಅದನ್ನು ಬಳಸಿಕೊಂಡು ಸರ್ವ್‌ನಲ್ಲಿ ಚೇತರಿಸಿಕೊಂಡ, ಟೈಬ್ರೇಕ್‌ನಲ್ಲಿ ಸೆಟ್ ಗೆದ್ದ. ಹದಿನೈದು ಜನರ ಚಪ್ಪಾಳೆ ಎಷ್ಟು ಕ್ಷೀಣವಾಗಿ ಕೇಳುತ್ತದೆಂದು ನನಗೆ ಗೊತ್ತಾದದ್ದು ಆಗ.

ಚಪ್ಪಾಳೆ ತಟ್ಟದ ಒಬ್ಬರು ನನ್ನ ಪಕ್ಕದಲ್ಲಿದ್ದರು. ಐವತ್ತು ದಾಟಿದ ವಯಸ್ಸು, ತೊಡೆಯ ಮೇಲೆ ಊಟದ ಡಬ್ಬಿ, ಕಣ್ಣು ಮಾತ್ರ ಅಂಕಣದ ಮೇಲೆ. ಅವರು ಕುಳಿತ ಜಾಗ ವಿಚಿತ್ರವಾಗಿತ್ತು. ಎದುರಿಗೆ ಕಂಬವೊಂದು ಅಡ್ಡವಿದ್ದುದರಿಂದ ಅರ್ಧ ಅಂಕಣ ಕಾಣುತ್ತಿರಲಿಲ್ಲ. ಇತ್ತ ಬನ್ನಿ, ಚೆನ್ನಾಗಿ ಕಾಣುತ್ತದೆ ಎಂದು ಕರೆದೆ. ಅವರು ನಕ್ಕರು. ‘ಬ್ಯಾಡ್ರಿ, ಅವ ನನ್ನ ಮಗ. ನಾ ಎದರಿಗೆ ಕುಂತ್ರ ಅವ ಚೆಂಡ್ ನೋಡೂದಿಲ್ರಿ, ನನ್ನ ಮಾರಿ ನೋಡತಾನ’ ಎಂದರು. ಧಾರವಾಡದ ಕಡೆಯ ಮಾತು.

ಆ ಮಾತು ನನ್ನನ್ನು ಎಲ್ಲಿಗೋ ಒಯ್ದಿತು. ನನ್ನ ಮಗನೂ ಹದಿನಾರರವರೆಗೆ ಟೆನಿಸ್ ಆಡಿದವನು. ಕಿರಿಯರ ಟೂರ್ನಿಗಳಿಗೆ ರಾತ್ರಿ ಬಸ್ಸುಗಳಲ್ಲಿ ಅವನನ್ನು ಕರೆದೊಯ್ಯುತ್ತಿದ್ದೆ. ಹೀಗೆಯೇ ಒಂದು ಊರಿನ ಅರ್ಹತಾ ಸುತ್ತಿನಲ್ಲಿ ಅವನು ಸೋತ. ಹಿಂದಿರುಗುವ ಬಸ್ಸಿನಲ್ಲಿ, ಬ್ಯಾಂಕ್ ನೌಕರನ ಲೆಕ್ಕದ ಬುದ್ಧಿಯಿಂದ, ಈವರೆಗೆ ಆದ ಖರ್ಚನ್ನು ಅವನಿಗೆ ಒಪ್ಪಿಸಿದೆ. ಪ್ರಧಾನ ಸುತ್ತನ್ನೇ ಕಾಣದವನಿಗೆ ಇಷ್ಟೆಲ್ಲ ಏಕೆ ಎಂದೂ ಕೇಳಿದೆ. ಅವನು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಆ ವರ್ಷವೇ ರ‍್ಯಾಕೆಟ್ ಅಟ್ಟ ಸೇರಿತು. ಅವನು ಚೆನ್ನಾಗಿ ಓದಿದ, ಒಳ್ಳೆಯ ಕೆಲಸದಲ್ಲಿದ್ದಾನೆ. ನಾನು ಮಾಡಿದ್ದು ಸರಿಯೆಂದೇ ಬಂಧುಗಳು ಹೇಳುತ್ತಾರೆ. ಲೆಕ್ಕದ ಪ್ರಕಾರ ಸರಿಯೂ ಹೌದು.

ಮೂರನೆಯ ಸೆಟ್ಟಿನಲ್ಲಿ ಹುಡುಗ 5–4ರಿಂದ ಮುಂದಿದ್ದ. ಎದುರಾಳಿಯ ಸರ್ವ್, 30–40, ಮ್ಯಾಚ್ ಪಾಯಿಂಟ್. ದೀರ್ಘ ರ‍್ಯಾಲಿಯ ಕೊನೆಗೆ, ಇಡೀ ದಿನ ಕೈಕೊಟ್ಟಿದ್ದ ಬ್ಯಾಕ್‌ಹ್ಯಾಂಡ್‌ನಿಂದಲೇ ಅವನು ಗೆರೆಗುಂಟ ಹೊಡೆದ. ಚೆಂಡು ಗೆರೆಯಿಂದ ಒಂದು ಅಂಗುಲ ಆಚೆ ಬಿತ್ತು. ಅಲ್ಲಿಂದ ಮುಂದಿನದು ಬೇಗ ಮುಗಿಯಿತು. 5–7ಕ್ಕೆ ಸೋತ ಹುಡುಗ ಎದುರಾಳಿಯ, ಅಂಪೈರರ ಕೈ ಕುಲುಕಿ, ಬೆಂಚಿನ ಮೇಲೆ ಕುಳಿತು, ಟವೆಲ್ಲನ್ನು ತಲೆಯ ಮೇಲೆ ಹೊದ್ದುಕೊಂಡ. ಸುರಕ್ಷಿತವಾಗಿ ಚೆಂಡನ್ನು ನಡುವಿಗೆ ಹಿಂದಿರುಗಿಸಬಹುದಿತ್ತು ಎಂದು ನನ್ನಂಥ ಹೊರಗಿನವರು ಹೇಳುವುದು ಸುಲಭ. ಆ ಹೊಡೆತಕ್ಕೆ ಕೈ ಹಾಕುವ ಧೈರ್ಯ ಅವನಲ್ಲಿತ್ತು ಎಂಬುದನ್ನು ಕಂಡವರು ಹದಿನೈದೇ ಜನ.

ತಂದೆ ಎದ್ದರು. ಮಗನ ಬಳಿಗೆ ಹೋಗುತ್ತಾರೆಂದುಕೊಂಡೆ. ಅವರು ಡಬ್ಬಿಯನ್ನು ಚೀಲಕ್ಕಿಟ್ಟು ಮತ್ತೆ ಕುಳಿತರು. ನನ್ನ ಮುಖದ ಪ್ರಶ್ನೆಯನ್ನು ಕಂಡು ಹೇಳಿದರು: ‘ಸೋತ ಮ್ಯಾಲ ಅರ್ಧಾ ತಾಸು ಅವನ ಕಡೆ ಹೋಗಬಾರದ್ರಿ. ಅಷ್ಟೊತ್ತು ಅವಂದು ಅವಗ ಬಿಡಬೇಕು.’ ಮುಂದಿನ ಟೂರ್ನಿ ಎಲ್ಲಿ ಎಂದು ಕೇಳಿದೆ. ಊರಿನ ಹೆಸರು ಹೇಳಿದರು. ರೈಲಿನ ಟಿಕೆಟ್ ಖಾತರಿಯಾಗಬೇಕಿದೆ ಎಂದರು.

ಅದೇ ಭಾನುವಾರ ಚೆನ್ನೈನಲ್ಲಿ ನಗಾಲ್ ಚಾಲೆಂಜರ್ ಟೂರ್ನಿಯ ಫೈನಲ್ ಗೆದ್ದರು. ಅದರ ಬಲದಿಂದ ವಿಶ್ವದ ಮೊದಲ ನೂರು ಆಟಗಾರರ ಪಟ್ಟಿಗೆ ಸೇರಿದರು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಆಸ್ಟ್ರೇಲಿಯಾ ಓಪನ್‌ನಲ್ಲಿ, ಮೂರು ಅರ್ಹತಾ ಪಂದ್ಯಗಳನ್ನು ಗೆದ್ದು ಬಂದು, 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಮಣಿಸಿದ್ದರು. ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಶ್ರೇಯಾಂಕಿತರೊಬ್ಬರನ್ನು ಭಾರತೀಯರು ಸೋಲಿಸಿದ್ದು 1989ರಲ್ಲಿ ರಮೇಶ್ ಕೃಷ್ಣನ್ ಅವರು ಮ್ಯಾಟ್ಸ್ ವಿಲಾಂಡರ್ ವಿರುದ್ಧ ಗೆದ್ದ ನಂತರ ಅದೇ ಮೊದಲು. ಮೂವತ್ತೈದು ವರ್ಷಗಳ ಆ ಬರದ ಬಗ್ಗೆ ನಾವು ಲೇಖನಗಳನ್ನು ಬರೆದೆವು, ಸರ್ಕಾರಗಳನ್ನೂ ಸಂಸ್ಥೆಗಳನ್ನೂ ದೂರಿದೆವು. ದೂರುವುದರಲ್ಲಿ ತಪ್ಪಿಲ್ಲ. ಧಾರವಾಡ, ಮಂಡ್ಯ, ಕಲಬುರಗಿಗಳಂಥ ಊರುಗಳಲ್ಲಿ ಅಂತರರಾಷ್ಟ್ರೀಯ ಟೂರ್ನಿಗಳು ನಡೆದಿವೆ, ಇನ್ನಷ್ಟು ನಡೆಯಬೇಕು. ತರಬೇತಿಗೆ ಹಣ ಬೇಕು, ಹಣಕ್ಕೆ ಪ್ರಾಯೋಜಕರು ಬೇಕು. ಆದರೆ ಪ್ರಾಯೋಜಕರು ಜನರಿದ್ದಲ್ಲಿ ಬರುತ್ತಾರೆ, ಜನ ಗೆದ್ದವರಿದ್ದಲ್ಲಿ ಬರುತ್ತಾರೆ. ಗೆಲ್ಲುವುದಕ್ಕೆ ಮುಂಚಿನ ಹತ್ತು ವರ್ಷ ಆಟಗಾರನಿಗೆ ಜೊತೆಯಾಗಬೇಕಾದವರು ಯಾರು? ಟಿಕೆಟ್ಟಿಗೆ ಸಾಲು ನಿಲ್ಲುವ ನಾವು, ಮನೆಯಿಂದ ಎರಡು ಮೆಟ್ರೊ ನಿಲ್ದಾಣದ ದೂರದಲ್ಲಿ ನಡೆಯುವ ಅರ್ಹತಾ ಪಂದ್ಯಕ್ಕೆ ಒಂದು ಭಾನುವಾರ ಹೋಗಲಾರೆವೇ?

ಸಂಜೆ ಮನೆಗೆ ಬಂದು ಮಗನಿಗೆ ಫೋನ್ ಮಾಡಿದೆ. ಪಂದ್ಯದ ಕಥೆ ಹೇಳಿದೆ. ಅವನು ಅಂಕದಿಂದ ಅಂಕಕ್ಕೆ ಕೇಳಿಸಿಕೊಂಡ, ಆ ಬ್ಯಾಕ್‌ಹ್ಯಾಂಡ್ ಹೊಡೆದದ್ದು ಸರಿ ಎಂದ. ನಂತರ, ಬಹಳ ದಿನಗಳಿಂದ ಹೇಳಬೇಕೆಂದಿದ್ದುದನ್ನು ಅವಸರದಲ್ಲಿ ಹೇಳಿ ಮುಗಿಸಿದೆ. ಆ ರಾತ್ರಿ ಬಸ್ಸಿನಲ್ಲಿ ನಾನು ಹಾಗೆ ಮಾತನಾಡಬಾರದಿತ್ತು ಎಂದೆ.

ಸ್ವಲ್ಪ ಹೊತ್ತು ಅವನಿಂದ ಮಾತಿಲ್ಲ. ಆಮೇಲೆ ಕೇಳಿದ: ‘ಅಪ್ಪ, ಅವತ್ತು ಎರಡನೇ ಸೆಟ್ ನಾನು ಗೆದ್ದಿದ್ದೆ. ನಿಮಗೆ ನೆನಪಿದೆಯಾ?’

ನೆನಪಿರಲಿಲ್ಲ. ಮೊದಲ ಸೆಟ್ ಹೋದೊಡನೆ ನಾನು ಚಹಾ ಕುಡಿಯಲು ಹೊರಗೆ ಹೋಗಿದ್ದೆ. ಮರಳಿ ಬರುವ ಹೊತ್ತಿಗೆ ಮೂರನೆಯದು ನಡೆಯುತ್ತಿತ್ತು. ‘ಇಲ್ಲ, ನಾನು ನೋಡಲಿಲ್ಲ’ ಎಂದೆ. ‘ಗೊತ್ತು’ ಎಂದ ಅವನು. ಆಮೇಲೆ ಆ ಸೆಟ್ಟನ್ನು ಮೊದಲ ಗೇಮಿನಿಂದ ಹೇಳತೊಡಗಿದ. ನಾನು ಕೇಳುತ್ತ ಕುಳಿತೆ.