ಚಿಗಟದ ಮನೆ ಎಲ್ಲಿದೆ?

ಮಕ್ಕಳೇ, ನಿಮ್ಮ ಮನೆಯಲ್ಲಿ ನಾಯಿ ಅಥವಾ ಬೆಕ್ಕು ಇದೆಯೇ? ನೀವು ಶಾಲೆಯಿಂದ ಬಂದಾಗ ನಾಯಿಯು ಬಾಲ ಅಲ್ಲಾಡಿಸುತ್ತ ಎದುರಿಗೆ ಓಡಿ ಬರುತ್ತದೆ. ಆದರೆ ಒಮ್ಮೊಮ್ಮೆ ಅದು ಆಟವನ್ನು ಬಿಟ್ಟು ಮೈ ಕೆರೆದುಕೊಳ್ಳುತ್ತಲೇ ಇರುತ್ತದೆ. ಬಾಲದ ಬುಡವನ್ನು ಕಚ್ಚಿಕೊಳ್ಳುತ್ತದೆ. ನಿಮ್ಮ ಕಾಲಿಗೂ ಏನೋ ಕಚ್ಚಿ ಕೆಂಪು ಗುಳ್ಳೆಗಳು ಏಳುತ್ತವೆ. ಆಗ ಮನೆಯವರು ಬೇಸತ್ತು, "ಈ ನಾಯಿಯಿಂದಲೇ ಚಿಗಟಗಳು ಆಗಿವೆ. ಇದನ್ನು ಊರಾಚೆ ಬಿಟ್ಟು ಬರೋಣ" ಎನ್ನುತ್ತಾರೆ. ನಾಯಿಯನ್ನು ಬಿಟ್ಟು ಬಂದರೆ ಚಿಗಟಗಳು ಹೋಗುತ್ತವೆಯೇ? ಚಿಗಟದ ಜೀವನವನ್ನು ತಿಳಿದುಕೊಂಡರೆ ಉತ್ತರ ಸಿಗುತ್ತದೆ.

ಚಿಗಟವು ಕಂದು ಬಣ್ಣದ ಚಿಕ್ಕ ಕೀಟ. ಎರಡು-ಮೂರು ಮಿಲಿಮೀಟರ್ ಉದ್ದವಿರುತ್ತದೆ. ಅದಕ್ಕೆ ರೆಕ್ಕೆಗಳಿಲ್ಲ. ಎರಡೂ ಬದಿಗಳಿಂದ ಒತ್ತಿದಂತೆ ಮೈ ಚಪ್ಪಟೆಯಾಗಿರುವುದರಿಂದ ಕೂದಲಿನ ನಡುವೆ ಸರಸರನೆ ನುಸುಳುತ್ತದೆ. ಹಿಂಗಾಲುಗಳ ಬಲದಿಂದ ಸುಮಾರು ಒಂದು ಗೇಣು ಎತ್ತರಕ್ಕೆ ಜಿಗಿಯಬಲ್ಲದು. ರಕ್ತವೇ ಅದರ ಆಹಾರ.

ಹೆಣ್ಣು ಚಿಗಟವು ದಿನಕ್ಕೆ 40ರವರೆಗೆ ತತ್ತಿಗಳನ್ನು ಇಡಬಲ್ಲದು. ಹೇನಿನ ಸೀರುಗಳಂತೆ ಈ ತತ್ತಿಗಳು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮಲಗಿದಲ್ಲಿ, ಮೈ ಕೊಡವಿದಲ್ಲಿ ಕೆಳಗೆ ಉದುರುತ್ತವೆ. ಅವುಗಳಿಂದ ಹೊರಬಂದ ಮರಿಹುಳುಗಳಿಗೆ ಬೆಳಕು ಬೇಡ. ಅವು ನೆಲದ ಬಿರುಕು, ಗೋಣಿಚೀಲ, ಕೌದಿಯ ಮಡಿಕೆಗಳಲ್ಲಿ ಅಡಗುತ್ತವೆ. ಬಳಿಕ ರೇಷ್ಮೆ ಹುಳುವಿನಂತೆ ನೂಲು ಸುತ್ತಿಕೊಂಡು ಗೂಡು ಕಟ್ಟುತ್ತವೆ. ಗೂಡಿನೊಳಗೆ ಚಿಗಟವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯಬಲ್ಲದು. ಯಾರಾದರೂ ನಡೆದಾಡಿ ನೆಲ ಅದುರಿದರೆ, ಮೈಯ ಬಿಸಿ ತಾಗಿದರೆ ಹೊರಗೆ ಜಿಗಿಯುತ್ತದೆ. ರಜೆ ಮುಗಿಸಿ ಬಂದು ಮುಚ್ಚಿದ ಮನೆಯ ಬಾಗಿಲು ತೆರೆದಾಗ ಚಿಗಟಗಳು ಒಮ್ಮೆಲೇ ಮುತ್ತುವುದು ಇದರಿಂದಲೇ.

ಈಗ ಹೇಳಿರಿ, ಚಿಗಟದ ಮನೆ ಎಲ್ಲಿದೆ? ನಾಯಿಯ ಮೈಮೇಲೆ ಕಾಣುವ ಚಿಗಟಗಳು ಕೆಲವೇ. ಅವುಗಳ ತತ್ತಿ, ಮರಿಹುಳು, ಗೂಡುಗಳೆಲ್ಲ ನಮ್ಮ ಮನೆಯ ನೆಲದಲ್ಲಿಯೇ ಇವೆ. ನಾಯಿಯನ್ನು ಬಿಟ್ಟು ಬಂದರೆ ಹಸಿದ ಚಿಗಟಗಳು ನಮ್ಮನ್ನೇ ಕಚ್ಚುತ್ತವೆ. ಆದ್ದರಿಂದ ನಾಯಿಯನ್ನೂ ನೆಲವನ್ನೂ ಒಟ್ಟಿಗೇ ಸ್ವಚ್ಛ ಮಾಡಬೇಕು.

ಮೊದಲು ಪರೀಕ್ಷೆ ಮಾಡಿರಿ. ಹೇನು ತೆಗೆಯುವ ಸಣ್ಣ ಹಲ್ಲಿನ ಹಣಿಗೆಯೊಂದನ್ನು ನಾಯಿಗೆಂದೇ ಬೇರೆ ಇಡಿರಿ. ಅದರಿಂದ ನಾಯಿಯ ಕೂದಲನ್ನು ಬಾಚಿರಿ. ಉದುರಿದ ಕಪ್ಪು ಪುಡಿಯನ್ನು ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಹಾಕಿರಿ. ಪುಡಿಯ ಸುತ್ತಲೂ ಕೆಂಪು ಬಣ್ಣ ಹರಡಿದರೆ ಅದು ಚಿಗಟದ ಹೊಲಸು. ನಾಯಿಯ ರಕ್ತವೇ ಅದರಲ್ಲಿದೆ. ಹಣಿಗೆಗೆ ಸಿಕ್ಕ ಚಿಗಟಗಳನ್ನು ಸಾಬೂನಿನ ನೀರಿನಲ್ಲಿ ಮುಳುಗಿಸಿರಿ.

ನಾಯಿ ಮಲಗುವ ಚೀಲ, ಕೌದಿಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಿಸಿ, ಬಿರುಬಿಸಿಲಿನಲ್ಲಿ ಒಣಗಿಸಿರಿ. ಮೂಲೆ, ಮಂಚದ ಕೆಳಗೆ, ಕಟ್ಟೆಯ ಸಂದಿಗಳಲ್ಲಿ ದಿನಾಲು ಕಸ ಗುಡಿಸಿರಿ. ಗುಡಿಸಿದ ಕಸವನ್ನು ಮನೆಯಿಂದ ದೂರ ಹಾಕಿರಿ. ನೆಲದ ಬಿರುಕುಗಳನ್ನು ಮುಚ್ಚಿಸಿರಿ. ಗೂಡಿನೊಳಗಿನ ಚಿಗಟಗಳು ಆಮೇಲೆಯೂ ಹೊರಬರುವುದರಿಂದ ಈ ಕೆಲಸವನ್ನು ಕೆಲವು ವಾರ ಬಿಡದೆ ಮಾಡಬೇಕು.

ಒಂದು ಮಾತು ಚೆನ್ನಾಗಿ ನೆನಪಿಡಿರಿ. ಬೆಳೆಗೆ ಹೊಡೆಯುವ ಔಷಧವನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಪ್ರಾಣಿಯ ಮೈಗೆ ಹಚ್ಚಬಾರದು. ಪ್ರಾಣಿಯು ಮೈ ನೆಕ್ಕಿದಾಗ ವಿಷ ಹೊಟ್ಟೆಗೆ ಹೋಗಿ ಅದು ಸಾಯಬಹುದು. ನಾಯಿಗೆಂದು ಮಾಡಿದ ಕೆಲವು ಚಿಗಟದ ಔಷಧಗಳು ಬೆಕ್ಕಿಗೆ ವಿಷ. ಆದುದರಿಂದ ಹಿರಿಯರೊಂದಿಗೆ ದನದ ದವಾಖಾನೆಗೆ ಹೋಗಿ, ಡಾಕ್ಟರರು ಹೇಳಿದ ಔಷಧವನ್ನೇ ಅವರು ಹೇಳಿದಷ್ಟೇ ಹಾಕಿಸಿರಿ.

ಚಿಗಟವನ್ನು ಚಿಕ್ಕದೆಂದು ಅಲಕ್ಷಿಸಬಾರದು. ಚಿಗಟವನ್ನು ನುಂಗಿದ ನಾಯಿಗೆ ಲಾಡಿಹುಳು ಆಗಬಹುದು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡು ಬಹಳ ಜನ ಸತ್ತರು. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮಾಂಡ್ ಎಂಬ ಫ್ರಾನ್ಸಿನ ವೈದ್ಯರು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮನೆಯಲ್ಲಿ ಇಲಿಗಳು ಸೇರದಂತೆಯೂ ನೋಡಿಕೊಳ್ಳಬೇಕು.

ನಾಯಿಗೆ ತನ್ನ ಕಷ್ಟವನ್ನು ಹೇಳಲು ಬಾಯಿಲ್ಲ. ಅದು ಮೈ ಕೆರೆದುಕೊಂಡರೆ ಗದರಿಸಬೇಡಿರಿ. ಹಣಿಗೆಯನ್ನೂ ಕಸಬರಿಗೆಯನ್ನೂ ಕೈಗೆ ತೆಗೆದುಕೊಳ್ಳಿರಿ.

ಶಬ್ದಾರ್ಥ

ಸೀರು – ಹೇನಿನ ತತ್ತಿ
ಹಣಿಗೆ – ಬಾಚಣಿಗೆ
ಅಲಕ್ಷಿಸು – ಲಕ್ಷ್ಯ ಕೊಡದಿರು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಚಿಗಟವು ಕೂದಲಿನ ನಡುವೆ ಸುಲಭವಾಗಿ ನುಸುಳುವುದೇಕೆ?
2. ಚಿಗಟದ ಮರಿಹುಳುಗಳು ಎಲ್ಲಿ ಅಡಗುತ್ತವೆ?

ಆ) ಎರಡು-ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ನಾಯಿಯನ್ನು ಊರಾಚೆ ಬಿಟ್ಟರೂ ಚಿಗಟಗಳು ಹೋಗುವುದಿಲ್ಲ, ಏಕೆ?
2. ಬೆಳೆಗೆ ಹೊಡೆಯುವ ಔಷಧವನ್ನು ಪ್ರಾಣಿಗೆ ಏಕೆ ಹಚ್ಚಬಾರದು?

ಉಪಕ್ರಮ: ನಿಮ್ಮ ಊರಿನ ದನದ ದವಾಖಾನೆಗೆ ಭೇಟಿ ಕೊಟ್ಟು, ಸಾಕುಪ್ರಾಣಿಗಳ ಆರೈಕೆಯ ಬಗ್ಗೆ ಮಾಹಿತಿ ಪಡೆದು ಬರೆಯಿರಿ.