ಆನ್‌ಲೈನ್ ಆಟಕ್ಕೆ ಎಂಥ ಪ್ರೊಸೆಸರ್ ಬೇಕು?



ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ತರಹದ ಆಟ ಆಡುವ ಆಸೆ ನಮ್ಮಲ್ಲಿ ತುಂಬಾ ಜನಕ್ಕಿದೆ. ಕಂಪ್ಯೂಟರ್ ತಗೊಳ್ಳೋ ಮಾತು ಬಂದ ಕೂಡಲೇ ಎಲ್ಲರ ಬಾಯಲ್ಲೂ ಒಂದೇ ಹೆಸರು, "ಐ-7 ಹಾಕಿಸು!" ಆದರೆ ಹಳ್ಳಿಯ ಮನೆಗೆ ಕಂಪ್ಯೂಟರ್ ಬರೋದು ಅಂದ್ರೆ ಒಂದು ಫಸಲಿನ ದುಡ್ಡು ಹೋಗೋದು. ಆದ್ದರಿಂದ ಪ್ರೊಸೆಸರ್ ಆಟದಲ್ಲಿ ಏನು ಕೆಲಸ ಮಾಡುತ್ತೆ ಅಂತ ಮೊದಲು ತಿಳಿಯೋಣ.

ವ್ಯಾಲೊರಂಟ್‌ನಲ್ಲಿ ಆ ಕಡೆ ಐದು, ಈ ಕಡೆ ಐದು ಜನ ಆಡ್ತಾರೆ. ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಗುಲಿತು ಎಂಬ ಸುದ್ದಿ ದೂರದ ಸರ್ವರ್‌ನಿಂದ ಬರುತ್ತಲೇ ಇರುತ್ತದೆ. ಅದನ್ನೆಲ್ಲ ಲೆಕ್ಕ ಹಾಕಿ, ಯಾವ ಚಿತ್ರ ಬಿಡಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಹೇಳುವುದು ಪ್ರೊಸೆಸರ್. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದಕ್ಕೆ ಸುಮಾರು 16 ಮಿಲಿಸೆಕೆಂಡ್ ಸಿಗುತ್ತೆ. 144 ಬೇಕಾದರೆ 7 ಮಾತ್ರ!

ಕೋರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತಾರೆ. ಅದು ಅರ್ಧ ಸತ್ಯ. ಮದುವೆ ಮನೇಲಿ ತರಕಾರಿ ಹೆಚ್ಚೋಕೆ ಹತ್ತು ಜನ ಕೂರಬಹುದು, ಆದರೆ ಬೇಳೆ ಬೇಯದೆ ಸಾರಿಗೆ ಒಗ್ಗರಣೆ ಹಾಕೋಕಾಗಲ್ಲ. ಇಂಥ ಆಟದ ಲೆಕ್ಕವೂ ಬಹುಪಾಲು ಹಾಗೇ, ಒಂದಾದ ಮೇಲೆ ಒಂದು. ಹಾಗಾಗಿ 6 ವೇಗದ ಕೋರ್‌ಗಳು 12 ನಿಧಾನದ ಕೋರ್‌ಗಳಿಗಿಂತ ಮೇಲು.

ಇನ್ನೊಂದು ಸಂಗತಿ ಕ್ಯಾಶ್. ಇದು ಅಡುಗೆಯವರ ಪಕ್ಕದಲ್ಲೇ ಇರುವ ಸಾಂಬಾರ ಡಬ್ಬಿ ಇದ್ದಂತೆ. ರ‍್ಯಾಮ್ ಎಂಬುದು ಉಗ್ರಾಣ. ಪ್ರತಿ ಸಲ ಉಗ್ರಾಣಕ್ಕೆ ಓಡಿದರೆ ಅಡುಗೆ ತಡ. ಎಎಂಡಿ ಕಂಪನಿಯ ರೈಜನ್ 7 5800ಎಕ್ಸ್‌ನಲ್ಲಿ 32 ಎಂಬಿ ಎಲ್3 ಕ್ಯಾಶ್ ಇದೆ. 2022ರಲ್ಲಿ ಬಂದ 5800ಎಕ್ಸ್3ಡಿಯಲ್ಲಿ 96 ಎಂಬಿ. ಎರಡಕ್ಕೂ 8 ಕೋರ್. ಎರಡನೆಯದರ ಗಿಗಾಹರ್ಟ್ಜ್ ಸ್ವಲ್ಪ ಕಮ್ಮಿಯೇ, ಆದರೂ ಹೆಚ್ಚಿನ ಆಟಗಳಲ್ಲಿ ಅದೇ ಮುಂದು!

ಈಗ ಐ-7 ವಿಷಯ. ಅದು ಒಂದು ಪ್ರೊಸೆಸರ್ ಅಲ್ಲ, 2008ರಲ್ಲಿ ಶುರುವಾದ ಒಂದು ಮನೆತನದ ಹೆಸರು. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ "ಐ-7 ಗೇಮಿಂಗ್ ಪಿಸಿ" ಅಂದರೆ ಮುಂದಿನ ನಂಬರ್ ಕೇಳಿ. 2011ರ ಐ7-2600ಕ್ಕೂ 2022ರ ಐ3-12100ಕ್ಕೂ ಕೋರ್ ನಾಲ್ಕೇ ನಾಲ್ಕು, ಆದರೆ ತಮ್ಮನೇ ಅಣ್ಣನಿಗಿಂತ ಬಹಳ ಚುರುಕು. ಅಷ್ಟೇ ಅಲ್ಲ, ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕೇ ಬೇಕು. 2011ರ ಕಂಪ್ಯೂಟರಿನಲ್ಲಿ ಅದಿಲ್ಲ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ನಲ್ಲೇ ನಿಂತಿತು. ದುಡ್ಡು ಕೊಟ್ಟ ಮೇಲೆ ಇದು ಗೊತ್ತಾದರೆ ಮನೇಲಿ ಏನು ಹೇಳೋದು?

ಆಟ ತಡವರಿಸಿದ್ದಕ್ಕೆಲ್ಲ ಪ್ರೊಸೆಸರನ್ನು ಬೈಯಬೇಡಿ. ಪಿಂಗ್ 150 ತೋರಿಸುತ್ತಿದ್ದರೆ ತೊಂದರೆ ಇರೋದು ಇಂಟರ್ನೆಟ್ ದಾರಿಯಲ್ಲಿ. ಅದಕ್ಕೆ ಲಕ್ಷ ರೂಪಾಯಿ ಪ್ರೊಸೆಸರ್ ಹಾಕಿದರೂ ಗುಣವಾಗಲ್ಲ. ಪಿಂಗ್ ಕಮ್ಮಿ ಇದ್ದೂ ಚಿತ್ರ ಜರ್ಕ್ ಹೊಡೆದರೆ, ಸೆಟ್ಟಿಂಗ್ಸ್‌ನಲ್ಲಿ ರೆಸಲ್ಯೂಷನ್ ಇಳಿಸಿ ನೋಡಿ. ಚಿತ್ರಗಳ ಸಂಖ್ಯೆ ಏರಿದರೆ ಗ್ರಾಫಿಕ್ಸ್ ಕಾರ್ಡಿನ ಕೈ ಸಾಲದು ಎಂದರ್ಥ. ಏರದಿದ್ದರೆ ಆಗ ಪ್ರೊಸೆಸರ್ ಮೇಲೆ ಅನುಮಾನ ಪಡಬಹುದು.

ಕೊನೆಗೆ ಒಂದು ಅಕ್ಷರದ ವಿಷಯ. ಇಂಟೆಲ್‌ನ 12100ಎಫ್, 12400ಎಫ್ ಸ್ವಲ್ಪ ಅಗ್ಗ. ಆದರೆ 'ಎಫ್' ಇದ್ದದ್ದರಲ್ಲಿ ಚಿತ್ರ ತೋರಿಸುವ ಭಾಗ ಒಳಗಿರುವುದಿಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ತರದೆ ಅದನ್ನು ಹಾಕಿಸಿದರೆ ಫ್ಯಾನ್ ತಿರುಗುತ್ತೆ, ಲೈಟ್ ಉರಿಯುತ್ತೆ, ಪರದೆ ಮಾತ್ರ ಕಪ್ಪಗೇ ಇರುತ್ತೆ.