ಸಂಬಳದಲ್ಲಿ ಮುರಿಯುವ ಬಾಡಿಗೆ

ಧಣಿಯೇ ಮನೆಯೊಡೆಯನೂ ಆಗಿರುವಲ್ಲಿ, ಸಂಬಳವು ನೌಕರನ ಕೈಸೇರುವ ಮೊದಲೇ ಬಾಡಿಗೆಯನ್ನು ಅದರಲ್ಲಿ ಮುರಿದುಕೊಳ್ಳುವುದುಂಟು. ಬಾಕಿಯಿಲ್ಲ, ತಗಾದೆಯಿಲ್ಲ, ಅನುಕೂಲವೇನೋ ನಿಜ. ಆದರೆ ಯಾರಿಗೆ? ಸೂರು ಸೋರಿದರೂ ಬಾಡಿಗೆಯನ್ನು ತಡೆಹಿಡಿದು ದುರಸ್ತಿ ಮಾಡಿಸಿಕೊಳ್ಳುವ ಉಪಾಯವು ಬಡವನ ಕೈತಪ್ಪುತ್ತದೆ.

ನಮ್ಮ ದೇಶದ 1936ರ ವೇತನ ಪಾವತಿ ಕಾಯಿದೆಯು ಈ ಪದ್ಧತಿಗೆ ಎರಡು ಕಟ್ಟುಗಳನ್ನು ವಿಧಿಸಿತು: ಮನೆಯನ್ನು ನೌಕರನು ಒಪ್ಪಿಕೊಂಡಿರಬೇಕು, ಮುರಿದ ಹಣವು ಮನೆಯ ಬೆಲೆಯನ್ನು ಮೀರಕೂಡದು. 2019ರ ವೇತನ ಸಂಹಿತೆಯೂ ಇವನ್ನು ಉಳಿಸಿಕೊಂಡು, ಎಲ್ಲ ಕಡಿತಗಳೂ ಕೂಡಿ ಸಂಬಳದ ಅರ್ಧವನ್ನು ದಾಟಬಾರದೆಂದಿದೆ. ಸಂತೋಷ. ಆದರೆ ಆ ಒಪ್ಪಿಗೆಯು ನೌಕರಿಯ ಕರಾರಿನಲ್ಲಿಯೇ ಅಡಗಿದ್ದರೂ ಸಾಕಂತೆ! ಹೊಟ್ಟೆಪಾಡಿಗೆ ಬಂದವನು ಅಂಥ ಕರಾರನ್ನು ಒಲ್ಲೆನೆಂದಾನೆಯೆ? ದುರಸ್ತಿಯ ದೂರು ತೀರುವವರೆಗೆ ಬಾಡಿಗೆಯ ಕಡಿತವನ್ನು ನಿಲ್ಲಿಸುವ ಹಕ್ಕನ್ನೂ ಶಾಸನಕರ್ತರು ಅವನಿಗೆ ಕೊಡತಕ್ಕದ್ದು.